ಓದದೆ ಬಿಟ್ಟ ಏಳನೆಯ ಸಾಲು

ಕಳೆದ ತಿಂಗಳು ಅಪ್ಪನಿಗೆ ಸಕ್ಕರೆ ಕಾಯಿಲೆಯ ಅನುಮಾನ ಬಂದು ಬತ್ತೇರಿಯ ಒಂದು ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಹೊರಗೆ ಮಳೆ. ಬಾಗಿಲ ಪಕ್ಕದ ಮೊಳೆಗಳಲ್ಲಿ ನೇತುಹಾಕಿದ್ದ ರೇನ್‌ಕೋಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಲ್ಯಾಬಿನ ಹುಡುಗಿ ಹತ್ತಿಗೆ ಸ್ಪಿರಿಟ್ ಸುರಿದು ಅಪ್ಪನ ತೋಳು ಒರೆಸಿದಳು. ಒದ್ದೆ ರಬ್ಬರಿನ ವಾಸನೆ, ಅದರೊಳಗೆ ಸ್ಪಿರಿಟ್ಟು. ರಿಪೋರ್ಟು ನಾಳೆ ಸಿಗುತ್ತದೆ ಎಂದಳು ಹುಡುಗಿ. ಮೆಟ್ಟಿಲಿಳಿಯುತ್ತಾ ಅಪ್ಪ ಕೊಡೆ ಬಿಚ್ಚಿದರು.

"ನಾಳ ಮತ್ತ ಬರೋದು ಬ್ಯಾಡ ಕೂಸು. ಏನಾರ ಇದ್ರ ಅವರೇ ಫೋನ್ ಮಾಡ್ತಾರ. ಮಾಡ್ನಿಲ್ಲ ಅಂದ್ರ ಏನೂ ಇಲ್ಲ ಅಂತ ತಾನ?"

ಅಪ್ಪ ಹೇಳಿದ ಮಾತಿಗೆ ನಾನು ಎದುರುತ್ತರ ಕೊಡದೆ ಇದ್ದದ್ದು ಬಹುಶಃ ಅದೇ ಮೊದಲು. ಅವರೂ ಅದನ್ನು ಗಮನಿಸಿ ನನ್ನ ಮುಖ ನೋಡಿದರು. ಇದೇ ಮಾತನ್ನು ಇನ್ನೊಬ್ಬಳು ಹೇಳಿದ್ದಳೆಂದೂ, ಅದನ್ನು ನಂಬಿ ಕೂತಿದ್ದಳೆಂದೂ, ನಂಬುವಂತೆ ಮಾಡಿದವಳು ನಾನೆಂದೂ ಅಪ್ಪನಿಗೆ ಆಗ ಹೇಳಲಿಲ್ಲ. ನನ್ನ ಬ್ಯಾಗಿನಲ್ಲಿ ಮೂರು ತಿಂಗಳಿಂದ ಒಂದು ಕಾಗದ ಇತ್ತು. ಅದನ್ನು ತಲುಪಿಸಬೇಕಾದ ಮನೆ ನಮ್ಮ ಅಂಗಡಿಯಿಂದ ನಡೆದರೆ ಮುಕ್ಕಾಲು ಗಂಟೆಯ ದಾರಿ.

ನಾಲ್ಕು ವರ್ಷದ ಹಿಂದಿನ ಕರ್ಕಾಟಕದ, ಎಂದರೆ ಆಷಾಢದ, ಮಳೆಯಿಂದ ಹೇಳಬೇಕು.

ನಮ್ಮದು ಕಲ್ಲೂರಿನಲ್ಲಿ ಹೆದ್ದಾರಿಗೆ ಮುಖ ಮಾಡಿದ ತರಕಾರಿ ಅಂಗಡಿ. ಗುಂಡ್ಲುಪೇಟೆಯ ಕಡೆಯಿಂದ ಅಜ್ಜ ಗಡಿ ದಾಟಿ ಬಂದು ಇಲ್ಲಿ ನೆಲೆಯೂರಿದ್ದು. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮಲಯಾಳ, ಗಲ್ಲಾದ ಮುಂದೆ ಗಿರಾಕಿ ಯಾವುದನ್ನು ಎತ್ತಿಕೊಂಡರೆ ಅದು. ನಾನು ಕಾಲೇಜು ಸೇರಿದ ಮೇಲೆ ಇನ್ನೂ ಒಂದು ಭಾಷೆ ಕಲಿತೆ, ಗೆಲ್ಲುವ ಭಾಷೆ. ಚರ್ಚಾಸ್ಪರ್ಧೆಗಳಲ್ಲಿ ಜಿಲ್ಲೆಗೆ ಮೊದಲು ಬರುತ್ತಿದ್ದೆ. ನಮಗೆ ಕಲಿಸಿದ ಮೇಷ್ಟ್ರು ಎರಡು ವಿಷಯ ತಲೆಗೆ ತುಂಬಿದ್ದರು. ಎದುರಾಳಿ ಉತ್ತರಿಸದ ವಾದವನ್ನು ಅವನು ಒಪ್ಪಿಕೊಂಡಂತೆ. ಇನ್ನೊಂದು, ಎದುರಾಳಿಗೆ ಅನುಕೂಲವಾಗುವ ಅಂಶವನ್ನು ನೀನಾಗಿ ಬಾಯಿಬಿಟ್ಟು ಹೇಳಬೇಡ. ಅವನು ಕೇಳಿದರೆ ನೋಡಿಕೊಳ್ಳೋಣ. ಸ್ಪರ್ಧೆಯ ವೇದಿಕೆಯ ಮೇಲೆ ಇವೆರಡೂ ಸರಿಯಾದ ಮಾತುಗಳೇ. ತಪ್ಪಿದ್ದದ್ದು ಅವನ್ನು ಚೀಲದಲ್ಲಿ ಹಾಕಿಕೊಂಡು ಕಾಡಿಗೆ ಹೋದದ್ದರಲ್ಲಿ.

ಡಿಗ್ರಿ ಮುಗಿಸಿ ಕೂತಿದ್ದಾಗ ಒಂದು ಸಂಶೋಧನಾ ತಂಡಕ್ಕೆ ಮಲಯಾಳವೂ ಕನ್ನಡವೂ ಬರುವವರು ಬೇಕೆಂದು ಗೊತ್ತಾಯಿತು. ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಅರಿವಾಳ್ ರೋಗ ಎಷ್ಟು ಜನರಿಗಿದೆ ಎಂದು ನೋಡುವ ಸಮೀಕ್ಷೆ. ಅರಿವಾಳ್ ಎಂದರೆ ಮಲಯಾಳದಲ್ಲಿ ಕುಡುಗೋಲು. ರಕ್ತದ ಕಣಗಳು ದುಂಡಗಿರುವ ಬದಲು ಕುಡುಗೋಲಿನ ಹಾಗೆ ಬಾಗಿ, ನಾಳಗಳಲ್ಲಿ ಸಿಕ್ಕಿಕೊಂಡು, ಕೀಲುಕೀಲಿಗೂ ನೋವು ಕೊಡುವ ಕಾಯಿಲೆ, ತಂದೆತಾಯಿಯಿಂದ ಬರುವಂಥದ್ದು. ಆ ಹಾಡಿಗಳವರ ಮಾತು ನಮ್ಮ ಮನೆಯ ಕನ್ನಡಕ್ಕೆ ಅಕ್ಕನೋ ತಂಗಿಯೋ ಆಗಬೇಕು. ಚಿಕ್ಕಂದಿನಿಂದ ಅಂಗಡಿಯಲ್ಲಿ ಕೇಳಿಸಿಕೊಂಡು ಬೆಳೆದ ನನಗೆ ಅದು ಬರುತ್ತಿತ್ತು. ಬರುತ್ತದೆ ಎಂದುಕೊಂಡಿದ್ದೆ.

ಎರಡು ದಿನದ ತರಬೇತಿ ಮಾನಂದವಾಡಿಯಲ್ಲಿ. ಕೇಣಿಚಿರದ ದಾರಿಯ ಬಸ್ಸಿನಲ್ಲಿ ಹೋಗುವಾಗ ಅವರು ಕೊಟ್ಟಿದ್ದ ರಾಷ್ಟ್ರೀಯ ಮಾರ್ಗಸೂಚಿಯ ಸಾರಾಂಶವನ್ನು ಓದಿ, ಅಂಚಿನಲ್ಲೆಲ್ಲ ಪ್ರಶ್ನೆ ಚಿಹ್ನೆ ಹಾಕಿದ್ದೆ. ತಂಡದ ಮುಖ್ಯಸ್ಥೆ ಒಬ್ಬ ವೈದ್ಯೆ, ಮೇಡಂ ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಅವರು ತಾಳ್ಮೆಯಿಂದ ವಿವರಿಸಿದರು. ಸಂಶೋಧನೆ ಶುರುವಾಗುವ ಮೊದಲು ನೈತಿಕತಾ ಸಮಿತಿ ಒಪ್ಪಬೇಕು. ಆ ಸಮಿತಿಯಲ್ಲಿ ವೈದ್ಯರಷ್ಟೇ ಅಲ್ಲ, ಕಾನೂನು ಬಲ್ಲವರು, ಹೊರಗಿನ ಸಾಮಾನ್ಯರೊಬ್ಬರು ಇರಬೇಕು. ಹಾಡಿಯ ಹಿರಿಯ ಹೂಂ ಅಂದರೂ ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಬೇಕು. ಅವರಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು. ಓದಲು ಬಾರದವರಾದರೆ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ಮಕ್ಕಳಾದರೆ ಹಿರಿಯರ ಒಪ್ಪಿಗೆಯ ಜೊತೆ ಮಗುವಿನದೂ ಬೇಕು. ಫಾರಂನ ಒಂದು ಪ್ರತಿ ಅವರ ಕೈಯಲ್ಲೇ ಉಳಿಯಬೇಕು.

ನಾನು ಎದ್ದು ನಿಂತೆ. "ಮೇಡಂ, ಹೊಸ ಔಷಧದ ಪ್ರಯೋಗ ಮಾಡೋರಿಗೆ ಕಾನೂನಿನ ನಿಯಮ ಇದೆ. ಕೆಲವು ಕಡೆ ಒಪ್ಪಿಗೆ ಕೇಳೋದನ್ನ ವಿಡಿಯೋ ಮಾಡಲೇಬೇಕು. ಆದ್ರೆ ನಾವು ಬರೀ ಒಂದು ಟ್ಯೂಬ್ ರಕ್ತ ತಗೊಳ್ಳೋರು. ಒಪ್ಪಿಗೆ ಹೇಗೆ ಕೇಳಬೇಕು ಅನ್ನೋದಕ್ಕೆ ನಮಗಿರೋದು ಮಾರ್ಗಸೂಚಿ. ಅದನ್ನ ಮುರಿದ್ರೆ ಜೈಲಾ?"

"ಜೈಲಿಲ್ಲ."

"ಹಾಗಾದ್ರೆ ಇದು ಕಾಗದದ ಶಾಸ್ತ್ರ ಅಷ್ಟೇ ಅಲ್ವಾ? ಒಂದು ಹೆಬ್ಬೆಟ್ಟು ಬಿದ್ರೆ ಸಮಿತಿಗೂ ನಿದ್ದೆ, ನಮಗೂ ನಿದ್ದೆ."

ಉಳಿದವರು ನಕ್ಕರು. ಮೇಡಂ ಕೂಡ ಸ್ವಲ್ಪ ನಕ್ಕರು. ಆಮೇಲೆ ಹೇಳಿದರು: "ನೀನು ಆ ಫಾರಂ ಓದುವ ಹೊತ್ತಿಗೆ ಅಲ್ಲಿ ನಾನಿರೋದಿಲ್ಲ. ಸಮಿತಿ ಇರೋದಿಲ್ಲ. ಸರ್ಕಾರವೂ ಇರೋದಿಲ್ಲ. ನೀನಿರ್ತೀಯ. ಮಾರ್ಗಸೂಚಿ ಅಂದ್ರೆ ಆವಾಗ ನೀನೇ."

ಒಳ್ಳೆಯ ಮಾತು ಅನ್ನಿಸಿತು. ಆದರೆ ಅದು ನನ್ನ ಪ್ರಶ್ನೆಗೆ ಉತ್ತರವಲ್ಲ ಎಂದುಕೊಂಡು, ಗೆದ್ದೆನೆಂದು ಲೆಕ್ಕ ಹಾಕಿ ಕೂತೆ.

ಫಾರಂ ಮಲಯಾಳದಲ್ಲಿ ಅಚ್ಚಾಗಿತ್ತು. ಅದನ್ನು ಸಾಲುಸಾಲಾಗಿ ಹಾಡಿಯ ಮಾತಿಗೆ ತಿರುಗಿಸಿ ಹೇಳುವುದು ನನ್ನ ಕೆಲಸ. ಹನ್ನೊಂದು ಸಾಲುಗಳು. ಏಳನೆಯದು ಹೀಗಿತ್ತು: ಇದು ಚಿಕಿತ್ಸೆಯಲ್ಲ, ಮಾದರಿಗಳಲ್ಲಿ ಹೆಸರು ಇರುವುದಿಲ್ಲವಾದ್ದರಿಂದ ನಿಮ್ಮ ಪರೀಕ್ಷೆಯ ಫಲಿತಾಂಶ ನಿಮಗೆ ಬರುವುದಿಲ್ಲ, ತಿಳಿಯಬೇಕಾದವರು ಆರೋಗ್ಯ ಕೇಂದ್ರದಲ್ಲಿ ಬೇರೆಯಾಗಿ ಉಚಿತ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಆ ಮಳೆಗಾಲ ಜೀಪು ಅರ್ಧ ದಾರಿ ಹೋದರೆ ಹೆಚ್ಚು. ಆನೆ ಕಂದಕದ ಮೇಲೆ ಹಾಸಿದ್ದ ಎರಡು ಮರದ ದಿಮ್ಮಿ ದಾಟಿ, ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು, ಜಿಗಣೆಗಳ ಜೊತೆ ಜಗಳವಾಡುತ್ತಾ ನಡೆಯುತ್ತಿದ್ದೆವು. ಮುಂದೆ ನಾನು ಫಾರಂಗಳ ಪ್ಲಾಸ್ಟಿಕ್ ಚೀಲ ಹೊತ್ತು, ಹಿಂದೆ ರಕ್ತ ತೆಗೆಯುವ ಜೋಸ್ ಚೇಟ್ಟನ್, ನಮ್ಮ ಜೋಸಣ್ಣ, ಐಸಿನ ಪೆಟ್ಟಿಗೆ ಹೊತ್ತು. ಅವನು ತುಂಬ ನಿಧಾನದ ಮನುಷ್ಯ. ಸೂಜಿ ಚುಚ್ಚುವ ಮೊದಲು ಪ್ರತಿಯೊಬ್ಬರಿಗೂ "ಇರುವೆ ಕಚ್ಚಿದ ಹಾಗೆ, ಆನೆ ತುಳಿದ ಹಾಗಲ್ಲ" ಅನ್ನುತ್ತಿದ್ದ. ನನ್ನನ್ನು ಮೊದಲ ದಿನದಿಂದಲೇ "ವಕ್ಕೀಲೇ" ಎಂದು ಕರೆಯತೊಡಗಿದ. ಸಾಕ್ಷಿಯಾಗಿ ಬರುತ್ತಿದ್ದವರು ಅಂಗನವಾಡಿಯ ಸರಸು ಟೀಚರ್. ಅವರಿಗೆ ಮಲಯಾಳ ಮಾತ್ರ ಬರುತ್ತಿದ್ದದ್ದು; ನಾನು ಹೇಳುತ್ತಾ ಹೋದ ಹಾಗೆ ಅಚ್ಚಾದ ಪ್ರತಿಯ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಿದ್ದರು.

ಮೊದಲ ವಾರ ನಾನು ಹನ್ನೊಂದೂ ಸಾಲು ಓದಿದೆ. ಜನ ಕೇಳಿಸಿಕೊಂಡು "ನೋಡಾನ" ಅನ್ನುತ್ತಿದ್ದರು. ಆ ಕಡೆ ಮನೆಬಾಗಿಲಿಗೆ ಬಂದವರಿಗೆ ಯಾರೂ ಬೇಡ ಎಂದು ಮುಖಕ್ಕೆ ಹೇಳುವುದಿಲ್ಲ. ನೋಡಾನ ಅಂದರೆ ಬೇಡ. ನಮ್ಮ ಅಂಗಡಿಯಲ್ಲಿ ಬೆಲೆ ಕೇಳಿ ಹಾಗಂದವರು ತಿರುಗಿ ಬರುವುದಿಲ್ಲ ಎಂಬುದು ನನಗೆ ಐದನೆಯ ವಯಸ್ಸಿನಿಂದ ಗೊತ್ತು. ಗೊತ್ತಿದ್ದೂ ನಾನು ಅದನ್ನು ಇನ್ನೂ ಮುಗಿಯದ ವಾದವೆಂದು ತೆಗೆದುಕೊಂಡೆ. ಯಾರೂ ನನ್ನನ್ನು ಒತ್ತಾಯ ಮಾಡಿರಲಿಲ್ಲ, ಇದನ್ನು ಬರೆಯಲೇಬೇಕು. ಮೇಡಂ "ಬೇಡ ಅಂದವರನ್ನ ಬಿಟ್ಟುಬಿಡು, ಅದೂ ಒಂದು ಉತ್ತರ" ಎಂದಿದ್ದರು. ಸಂಬಳ ಎಷ್ಟು ಜನ ಒಪ್ಪಿದರೂ ಅಷ್ಟೇ. ನನಗೆ ಸೋಲು ಹಿಡಿಸುತ್ತಿರಲಿಲ್ಲ, ಅಷ್ಟೇ ಕಾರಣ.

ಒಂದು ಮನೆಯಲ್ಲಿ ಏಳನೆಯ ಸಾಲು ಹೇಳಿದಾಗ ಗಂಡಸೊಬ್ಬ "ನಮಗೇ ಗೊತ್ತಾಗದಿದ್ರೆ ನಮಗೇನು?" ಅಂದ. ಅವನ ಹಿಂದೆ ಅಲ್ಲಿ ಸೇರಿದ್ದ ನಾಲ್ಕು ಮನೆಯವರೂ ಎದ್ದು ಹೋದರು. ಮಾರನೆಯ ದಿನ ಆ ಸಾಲನ್ನು ಸ್ವಲ್ಪ ಬೇಗ ಓದಿದೆ. ಅದರ ಮಾರನೆಯ ದಿನ, ಆರೋಗ್ಯ ಕೇಂದ್ರದಲ್ಲಿ ಉಚಿತ ಪರೀಕ್ಷೆ ಇದೆ ಎಂಬ ಕೊನೆಯ ತುಂಡನ್ನಷ್ಟೇ ಹೇಳಿದೆ. ಅದರ ಮರುದಿನ ಅದನ್ನೂ ಹೇಳಲಿಲ್ಲ. ಫಾರಂಗಳು ತುಂಬತೊಡಗಿದವು. ಜೋಸ್ ಚೇಟ್ಟನ್ ಕೈಗವಸು ಹಾಕಿಕೊಳ್ಳುತ್ತಾ, "ವಕ್ಕೀಲೇ, ನಿನ್ನ ಹತ್ರ ಕೇಸು ಸೋತೋರು ಎಲ್ಲಾ ನನ್ನ ಹತ್ರ ಬರ್ತಾರೆ" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ.

ಹೀಗೆ ಬೊಳ್ಳಿಯ ಮನೆ ಬಂತು.

ಅರವತ್ತು ದಾಟಿದ ಹೆಂಗಸು. ಮಗಳು ಕುಟ್ಟದ ಕಡೆ ಕಾಫಿ ತೋಟದ ಕೆಲಸಕ್ಕೆ ಹೋದವಳು ವರ್ಷಕ್ಕೆ ಎರಡು ಸಲ ಬರುತ್ತಿದ್ದಳು. ಮೊಮ್ಮಗಳು ಅಂಬಿಳಿಯನ್ನು ಸಾಕುತ್ತಿದ್ದವಳು ಬೊಳ್ಳಿಯೇ. ಅಂಬಿಳಿಗೆ ಹದಿಮೂರು. ಅವತ್ತು ಹುಡುಗಿ ಜಗಲಿಯ ಮೇಲೆ ಕಾಲು ನೀಡಿ, ಮಂಡಿಗೆ ಯಾವುದೋ ಸೊಪ್ಪು ಅರೆದು ಕಟ್ಟಿಕೊಂಡು ಕೂತಿದ್ದಳು. ಬೊಳ್ಳಿ ಪೊರಕೆಹುಲ್ಲಿನ ಕಟ್ಟು ಬಿಚ್ಚಿ ಕಡ್ಡಿ ಆಯುತ್ತಿದ್ದಳು.

"ಚೋರೆ ಎಂತಕ್ಕೆ?" ಅಂದಳು, ನಾನು ಬಾಯಿ ತೆರೆಯುವ ಮೊದಲೇ. ಚೋರೆ ಎಂದರೆ ರಕ್ತ; ಸುದ್ದಿ ಆಗಲೇ ಮುಟ್ಟಿತ್ತು.

"ನಿಮ್ಮೋರಲ್ಲಿ ಅರಿವಾಳ್ ರೋಗ ಎಷ್ಟು ಜನಕ್ಕೈತೆ ಅಂತ ನೋಡಕ್ಕೆ ಅವ್ವ."

"ನೋಡಿ?"

"ನೋಡಿ ಸರ್ಕಾರಕ್ಕೆ ಹೇಳಕ್ಕೆ. ಲೆಕ್ಕ ಇಲ್ದೆ ಔಷಧಿ ಬರಲ್ಲ."

"ಮುಂಚೆ ಬಂದೋರೂ ಇಂಗೇ ಅಂದರು. ಪಟ ಹಿಡ್ದರು. ಹಾಡು ಹಾಡಿಸ್ಕಂಡರು. ಪಟಾನೂ ಬರ್ನಿಲ್ಲ, ಹಾಡೂ ಬರ್ನಿಲ್ಲ."

"ಹಾಡು ನಿಮ್ಮ ಬಾಯಲ್ಲೇ ಉಳೀತಲ್ಲ ಅವ್ವ. ಅವರು ತಕಂಡೋಗಿದ್ದೇನು ಹಂಗಾದ್ರೆ? ರಕ್ತಾನೂ ಅಂಗೇ. ಇವತ್ತು ಕೊಟ್ಟರೆ ನಾಳೆ ಊರ್ತದೆ."

ಬೊಳ್ಳಿ ಕಡ್ಡಿ ಆಯುವುದನ್ನು ನಿಲ್ಲಿಸಿ ಜೋಸ್ ಚೇಟ್ಟನ ಕಡೆ ತಿರುಗಿದಳು. "ಈ ಹುಡುಗಿ ನಾಲಿಗೆ ಎಲ್ಲಿ ಸಾಣೆ ಹಿಡಿಸಿದ್ರಿ? ಇದ್ರಲ್ಲಿ ಬಿದಿರೇ ಸೀಳಬೋದು."

ಅವನಿಗೆ ಅರ್ಧ ತಿಳಿಯಿತು. ತಲೆಯಲ್ಲಾಡಿಸಿದ.

ನಾನು ಸಾಲುಗಳನ್ನು ಹೇಳಲು ಶುರು ಮಾಡಿದೆ. ಆರು ಆಯಿತು. ನೇರ ಎಂಟಕ್ಕೆ ಹಾರಿ ಪುಟ ತಿರುವಿದೆ. ಸರಸು ಟೀಚರ ಬೆರಳು ಅವರ ಪ್ರತಿಯ ಮೇಲೆ ಒಂದು ಕಡೆ ನಿಂತಿತು. ತಲೆಯೆತ್ತಿ ಮಲಯಾಳದಲ್ಲಿ ಮೆಲ್ಲಗೆ "ಇದು ಹೇಳಿದ್ಯಾ?" ಅಂದರು.

"ಹೇಳಿದೆ ಟೀಚರ್," ಅಂದೆ.

ಅವರು ತಲೆ ತಗ್ಗಿಸಿದರು. ನನ್ನ ಮಾತು ಅವರಿಗೆ ತಿಳಿಯುತ್ತಿರಲಿಲ್ಲ, ನನ್ನ ಮೇಲೆ ನಂಬಿಕೆ ಇತ್ತು. ಸಾಕ್ಷಿ ಬೇಕೆಂದು ನಿಯಮ ಮಾಡಿದವರು ಇಂಥ ಜಾಗವನ್ನು ಯೋಚಿಸಿಯೇ ಮಾಡಿರಬೇಕು, ನನ್ನಂಥವಳನ್ನು ಯೋಚಿಸಿರಲಿಲ್ಲವೇನೋ.

ಹನ್ನೊಂದನೆಯದು ಆದಮೇಲೆ ಬೊಳ್ಳಿ ಹೂಂ ಅನ್ನದೆ ಮತ್ತೆ ಕಡ್ಡಿ ಆಯತೊಡಗಿದಳು. ನಾನು ಬಿಡಲಿಲ್ಲ. ಪಕ್ಕದ ಮನೆಯವರು ಕೊಟ್ಟಿದ್ದಾರೆ ಎಂದೆ, ನಿಮ್ಮಂಥ ಹಿರಿಯರೇ ಹಿಂಜರಿದರೆ ಹೇಗೆ ಎಂದೆ. ಆಗ ಅವಳು ಅಂಬಿಳಿಯ ಮಂಡಿ ತೋರಿಸಿದಳು.

"ಮಳೆ ಹಿಡಿದ್ರೆ ಇವಳ ಕಾಲು ಹಿಡಿತದೆ. ಅಳ್ತಾಳೆ. ಇದ್ರಲ್ಲಿ ಅದು ಗೊತ್ತಾಯ್ತದಾ?"

"ಗೊತ್ತಾಯ್ತದೆ ಅವ್ವ," ಅಂದೆ.

ಇದು ಸುಳ್ಳಲ್ಲ. ದೂರದ ಊರಿನ ಪ್ರಯೋಗಾಲಯದಲ್ಲಿ ಒಂದು ಯಂತ್ರಕ್ಕೆ, ಒಂದು ಸಂಖ್ಯೆಯ ಟ್ಯೂಬಿನ ಬಗ್ಗೆ ಗೊತ್ತಾಗುತ್ತಿತ್ತು. ನಮ್ಮ ಭಾಷೆಯಲ್ಲಿ ಗೊತ್ತಾಯ್ತದೆ ಎನ್ನುವುದಕ್ಕೆ ಯಾರಿಗೆ ಎಂದು ಹೇಳಬೇಕಿಲ್ಲ. ಇಲ್ಲದೆಯೂ ವಾಕ್ಯ ಪೂರ್ತಿಯಾಗಿಯೇ ನಿಲ್ಲುತ್ತದೆ. ಯಾರಿಗೆ ಎಂದು ಬೊಳ್ಳಿ ಕೇಳಲಿಲ್ಲ. ತನಗೇ ಎಂದುಕೊಂಡಳು, ಮತ್ತೆ ಯಾರಿಗೆ ಎಂದುಕೊಳ್ಳಬೇಕಿತ್ತು? ಅವಳು ಹಾಗೆ ಅಂದುಕೊಂಡದ್ದು ನನಗೆ ಕಾಣಿಸಿತು. ಇದನ್ನು ನಾನು ಎಷ್ಟು ಸಲ ಬೇರೆ ಬೇರೆ ರೀತಿಯಲ್ಲಿ ಹೇಳಿಕೊಂಡಿದ್ದರೂ, ಈ ಕೊನೆಯ ವಾಕ್ಯವನ್ನು ತೆಗೆದುಹಾಕಲು ಆಗಿಲ್ಲ. ಕಾಣಿಸಿತು.

"ಆಯ್ತು," ಅಂದಳು ಬೊಳ್ಳಿ.

ಆಯ್ತು ಎಂದರೆ ಒಪ್ಪಿದೆ. ಆಯ್ತು ಎಂದರೆ ಮುಗಿಯಿತು, ಸಾಕು ಮಾಡು ಎಂದೂ ಹೌದು. ನಾನು ನನಗೆ ಬೇಕಾದದ್ದನ್ನು ಬರೆದುಕೊಂಡೆ. ಶಾಯಿಯ ಪ್ಯಾಡು ಚಾಚಿದೆ. ಅಂಬಿಳಿಯನ್ನು ಏನೂ ಕೇಳಲಿಲ್ಲ. ಅವಳ ಒಪ್ಪಿಗೆಯ ಚೌಕದಲ್ಲಿ ನಾನೇ ಗುರುತು ಹಾಕಿದೆ. ಇರುವೆ ಕಚ್ಚಿದ ಹಾಗೆ ಎಂದ ಜೋಸ್ ಚೇಟ್ಟನ್. ಹುಡುಗಿ ಕಣ್ಣು ಮುಚ್ಚಲಿಲ್ಲ, ಟ್ಯೂಬು ತುಂಬುವುದನ್ನು ನೋಡುತ್ತಿದ್ದಳು. ನಿಯಮದಂತೆ ಫಾರಂನ ಪ್ರತಿಯನ್ನು ಬೊಳ್ಳಿಯ ಕೈಗೆ ಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿನ ಒಳಗೆ ಇಟ್ಟು, ಕಾರ್ಡನ್ನು ತಗಡಿನ ಡಬ್ಬಿಗೆ ಹಾಕಿದಳು. ಕಾಗದದ ಶಾಸ್ತ್ರ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮಳೆ ಹಿಂದೆಗೆದು ಚಿಂಗಂ ತಿಂಗಳ ಬಿಸಿಲು ಬರುವ ಹೊತ್ತಿಗೆ ನಮ್ಮ ಕೆಲಸ ಮುಗಿದಿತ್ತು. ನಾನು ಕಾನೂನು ಓದಲು ಮೈಸೂರಿಗೆ ಹೋದೆ. ಆ ವರ್ಷ ಅಲ್ಲಿಯ ಒಂದು ಚರ್ಚಾಸ್ಪರ್ಧೆಯ ವಿಷಯ, ಸಂಶೋಧನಾ ನೈತಿಕತೆಯ ಉಲ್ಲಂಘನೆಯನ್ನು ಶಿಕ್ಷಾರ್ಹ ಅಪರಾಧವೆಂದು ರಾಷ್ಟ್ರೀಯ ಕಾಯ್ದೆ ಬರಬೇಕೇ ಎಂಬುದು. ನಾನು ಬರಬೇಕು ಎಂಬ ಪಕ್ಷ. ಮಾರ್ಗಸೂಚಿಗೆ ಹಲ್ಲಿಲ್ಲ ಎಂದೆ. ಕಾಡಂಚಿನ ಅಜ್ಜಿಯೊಬ್ಬಳಿಗೆ ಅವಳ ಮಾತಿನಲ್ಲೇ ವಿವರಿಸಿ ಒಪ್ಪಿಗೆ ಪಡೆದ ಅನುಭವ ನನಗಿದೆ, ಇದು ಸಾಧ್ಯ, ಮಾಡದವರಿಗೆ ಶಿಕ್ಷೆಯಾಗಲಿ ಎಂದೆ. ಚಪ್ಪಾಳೆ ಬಿತ್ತು. ಬಹುಮಾನವೂ ಬಂತು. ಆ ಕಪ್ಪು ಈಗಲೂ ಅಂಗಡಿಯ ಗಲ್ಲಾದ ಮೇಲಿದೆ. ಅಪ್ಪ ಅದರಲ್ಲಿ ಪೆನ್ನು ಇಡುತ್ತಾರೆ.

ಮರುವರ್ಷದ ರಜೆಯಲ್ಲಿ ಬಂದಾಗ ಕಲ್ಲೂರಿನ ಬಸ್ಸಿನಲ್ಲಿ ಸರಸು ಟೀಚರ್ ಪಕ್ಕದಲ್ಲಿ ಕೂತರು. ಅಂಬಿಳಿ ಮಾನಂದವಾಡಿಯ ಆಸ್ಪತ್ರೆಯಲ್ಲಿ ಮಲಗಿ ಬಂದಳು ಎಂದರು. ಅರಿವಾಳ್ ರೋಗವೇ. ಸೊಂಟದ ಕೀಲಿನ ಮೂಳೆಗೆ ರಕ್ತ ಹೋಗದೆ ಅದು ಕೆಟ್ಟಿದೆಯಂತೆ, ಎಡಗಾಲು ಎಳೆಯುತ್ತಾಳೆ.

"ಮೊದಲೇ ಯಾಕೆ ತೋರಿಸ್ಲಿಲ್ಲ ಟೀಚರ್?"

"ನಾನು ಎರಡು ಸಲ ಹೆಲ್ತ್ ಸೆಂಟರಿನ ಕ್ಯಾಂಪಿಗೆ ಕರೆದೆ. ಮುದುಕಿ ಬರಲಿಲ್ಲ. ಅರೆಬರೆ ಮಲಯಾಳದಲ್ಲಿ ಒಂದೇ ಮಾತು, ನಮ್ಮ ಚೋರೆ ಆಗಲೇ ಕೊಟ್ಟಾಗಿದೆ, ಏನಾದ್ರೂ ಇದ್ದಿದ್ರೆ ಕಾಗದ ಬರ್ತಿತ್ತು, ಬರಲಿಲ್ಲ ಅಂದ್ರೆ ಏನೂ ಇಲ್ಲ ಅಂತ. ನಾನು ಏನು ಹೇಳಲಿ? ನೀನು ಹೇಳಿದ್ಯಲ್ಲ ಅವರಿಗೆ, ಬರೋದಿಲ್ಲ ಅಂತ." ನನ್ನ ಕಡೆ ತಿರುಗಿದರು. "ಹೇಳಿದ್ಯಲ್ಲ?"

ನಾನಿಳಿಯುವ ಕಡೆಗೆ ಇನ್ನೂ ಎರಡು ನಿಲ್ದಾಣವಿತ್ತು. ನಾನು ಅಲ್ಲೇ ಇಳಿದೆ.

ಯಾರಿಗೆ ಎಂದು ಕೇಳದ ಅವಳ ಮೌನವನ್ನು ನಾನು ಒಪ್ಪಿಗೆ ಎಂದು ಬರೆದುಕೊಂಡೆ. ನಮ್ಮ ಮೌನವನ್ನು ಅವಳು ಆರೋಗ್ಯ ಎಂದು ಓದಿಕೊಂಡಳು. ಇಬ್ಬರಲ್ಲಿ ಅವಳ ತರ್ಕವೇ ಹೆಚ್ಚು ಸರಿ. ಕೇಳಿದ ಪ್ರಶ್ನೆಗೆ ಗೊತ್ತಾಯ್ತದೆ ಎಂದು ಉತ್ತರ ಕೊಟ್ಟಿದ್ದವಳನ್ನು ಅವಳು ನಂಬಿದ್ದಳು.

ಇದಕ್ಕೆ ಪ್ರತಿವಾದ ಇಲ್ಲವೆಂದಲ್ಲ. ಆ ಇಡೀ ವರ್ಷ ನಾನು ಅದನ್ನೇ ಕಟ್ಟುತ್ತಿದ್ದೆ. ಮೊದಲೇ ತಿಳಿದಿದ್ದರೂ ಕೀಲು ಉಳಿಯುತ್ತಿತ್ತೆಂದು ಯಾರೂ ಖಾತ್ರಿ ಕೊಡಲಾರರು. ಅಂಬಿಳಿಯ ತಾಯಿ ಕರೆದುಕೊಂಡು ಹೋಗಬಹುದಿತ್ತು. ಶಾಲೆಯವರು ನೋಡಬಹುದಿತ್ತು. ಒಂದೊಂದೂ ಗಟ್ಟಿಯಾದ ವಾದ, ಯಾವ ವೇದಿಕೆಯಲ್ಲಾದರೂ ನಿಲ್ಲುತ್ತದೆ. ಕಟ್ಟಿ ಮುಗಿಸಿದಾಗಲೆಲ್ಲ ಮಂಡಿಗೆ ಕಟ್ಟಿದ ಆ ಸೊಪ್ಪು ಕಣ್ಣ ಮುಂದೆ ಬರುತ್ತಿತ್ತು.

ಕೊನೆಗೆ ಮೇಡಂಗೆ ಉದ್ದದ ಪತ್ರ ಬರೆದೆ. ಅವರಿಂದ ಬಂದ ಉತ್ತರ ಎರಡೇ ಮಾತು: ನನಗಲ್ಲ, ಸಮಿತಿಗೆ ಬರೆ. ಬರೆದೆ. ಹೆಸರಿಲ್ಲದ ಟ್ಯೂಬುಗಳನ್ನು ಬೇರ್ಪಡಿಸಲು ಆಗದಿದ್ದರಿಂದ, ನಾನು ಓದಿದ ಹಾಡಿಗಳ ಇಡೀ ಪೆಟ್ಟಿಗೆಗಳನ್ನೇ ಅಧ್ಯಯನದಿಂದ ತೆಗೆದರು. ಮೇಡಂ ತಮ್ಮ ಎರಡು ವರ್ಷದ ಕೆಲಸವನ್ನು ಅರ್ಧಕ್ಕೆ ಮೊಟಕು ಮಾಡಿದರು. ನನಗೆ ಒಂದು ಕಟುಮಾತೂ ಆಡಲಿಲ್ಲ. ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೊಸದಾಗಿ ಪರೀಕ್ಷೆ ಮಾಡಿದರು. ನನಗೆ ಶಿಕ್ಷೆಯೆಂದು ಏನೂ ಆಗಲಿಲ್ಲ. ಜೈಲಾ ಎಂದು ಕೇಳಿದ್ದೆನಲ್ಲ, ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಅದಕ್ಕೊಂದು ಅವಧಿ ಇರುತ್ತಿತ್ತು. ಸಮಿತಿ ಕೇಳಿದ್ದು ಒಂದೇ: ಉಳಿದ ಮನೆಗಳಿಗೆ ನಾವೇ ಯಾರನ್ನಾದರೂ ಕಳಿಸುತ್ತೇವೆ, ಬೊಳ್ಳಿಯ ಮನೆಗೆ ನಾನೇ ಹೋಗುತ್ತೇನೆಂದು ನೀವು ಬರೆದಿದ್ದೀರಿ, ಹಾಗಾದರೆ ನಡೆದದ್ದನ್ನು ತಿಳಿಸುವ ಈ ಕಾಗದವನ್ನು ಓದಿ ಹೇಳಿ, ಕೆಳಗಿನ ಚೀಟಿಯನ್ನು ತುಂಬಿ ಕಳಿಸಿ.

ಅದೇ ಬ್ಯಾಗಿನಲ್ಲಿ ಮೂರು ತಿಂಗಳು ಕೂತದ್ದು. ಅಪ್ಪನ ರಿಪೋರ್ಟನ್ನು ಮಾರನೆಯ ಬೆಳಿಗ್ಗೆ ನಾನೇ ಹೋಗಿ ತಂದೆ. ಸಕ್ಕರೆ ಇತ್ತು. "ನೋಡಪ್ಪ, ಫೋನು ಬಂದಿರಲಿಲ್ಲ" ಎಂದೆ. ಅಂಗಡಿಯಿಂದ ನೇರ ಹಾಡಿಗೆ ನಡೆದೆ.

ಕಂದಕದ ಮೇಲೆ ಈಗ ಸಿಮೆಂಟಿನ ಸೇತುವೆ. ಬೊಳ್ಳಿಯ ಜಗಲಿ ಹಾಗೇ ಇತ್ತು. ಒಂದು ಕೋಲು ಗೋಡೆಗೆ ಒರಗಿತ್ತು. ಅದರ ಪಕ್ಕದಲ್ಲಿ ಹದಿನೇಳರ ಅಂಬಿಳಿ ಹಾಸ್ಟೆಲಿನಿಂದ ರಜೆಗೆ ಬಂದು ಪುಸ್ತಕ ಹಿಡಿದು ಕೂತಿದ್ದಳು. ಬೊಳ್ಳಿ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಸಾಣೆ ನಾಲಿಗೆ ಬಂತು," ಅಂದಳು ಮೊಮ್ಮಗಳಿಗೆ. ನನಗೆ, "ಕೂತ್ಕೊ ಮಗಳೇ. ಬಿದಿರು ಏನೂ ಉಳಿದಿಲ್ಲ ಸೀಳಕ್ಕೆ."

ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪೀಠಿಕೆ ಬಾಯಿಗೆ ಬರಲಿಲ್ಲ. "ಅವ್ವ, ಅವತ್ತು ನಾನು ಒಂದು ಸಾಲು ಓದ್ಲಿಲ್ಲ," ಅಂದೆ.

"ಏಳನೇದು," ಅಂದಳು ಅಂಬಿಳಿ.

ನಾನು ಅವಳ ಕಡೆ ತಿರುಗಿದೆ. ಅವಳು ಪುಸ್ತಕ ಮುಚ್ಚಿದಳು. "ಆಸ್ಪತ್ರೇಲಿ ರೇಷನ್ ಕಾರ್ಡ್ ಕೇಳಿದ್ರು ಅಕ್ಕ. ಡಬ್ಬಿ ತೆಗೆದ್ರೆ ಒಳಗೆ ನಿಮ್ಮ ಫಾರಂ. ಮಲಗಿದ್ದೆನಲ್ಲ, ಓದೋಕೆ ಬೇರೆ ಏನೂ ಇರಲಿಲ್ಲ. ಅಜ್ಜಿಗೂ ಓದಿ ಹೇಳಿದೆ. ಫಾರಂನಲ್ಲಿ ಎಲ್ಲಾ ಸರಿಯಾಗಿಯೇ ಬರೆದಿದ್ದಾರೆ." ಆಮೇಲೆ, ಸ್ವರ ಏರಿಸದೆ, "ಮಕ್ಕಳನ್ನೂ ಕೇಳಬೇಕು ಅಂತಾನೂ ಬರೆದಿದ್ದಾರೆ," ಅಂದಳು.

ನಾನು ಕಾಗದದ ಶಾಸ್ತ್ರ ಎಂದಿದ್ದ ಕಾಗದ ಅದು. ನಾನು ಸುಳ್ಳು ಹೇಳಿದ ಮನೆಯಲ್ಲೇ, ರೇಷನ್ ಕಾರ್ಡಿನ ಒಳಗೆ ನಾಲ್ಕು ಮಡಿಕೆಯಲ್ಲಿ, ಅಂಬಿಳಿ ಬಿಚ್ಚಿ ಓದುವ ತನಕ ನಿಜ ಹೇಳುತ್ತಾ ಕೂತಿತ್ತು.

"ಗೊತ್ತಿದ್ದೂ ನೀವು ಯಾರಿಗೂ ದೂರು ಹೇಳ್ಲಿಲ್ವಾ?"

"ಯಾರಿಗೆ?" ಅಂದಳು ಬೊಳ್ಳಿ. "ನಿನ್ನ ಮಾತು ಕೇಳ್ದೋಳು ನಾನು. ಬಂದೇ ಬರ್ತೀಯ ಅಂದೆ ಇವಳಿಗೆ. ಇವಳು ಬರಲ್ಲ ಅಂದಳು."

ಸಮಿತಿಯ ಕಾಗದ ತೆಗೆದು ಓದಲು ಹೊರಟೆ. ಅಂಬಿಳಿ ಕೈಚಾಚಿದಳು. "ನನಗೊಂದು ಕೊಡಿ. ನೀವು ನೋಡದೆ ಹೇಳಬೇಡಿ, ನೋಡಿಕೊಂಡೇ ಹೇಳಿ. ಎರಡು ಪ್ರತಿ ಇದೆಯಲ್ಲ." ಒಂದನ್ನು ಅವಳು ತೊಡೆಯ ಮೇಲೆ ಹಾಸಿ ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ನಾನು ಒಂದು ಸಾಲು ಹೇಳುತ್ತಿದ್ದೆ. ಅವಳು ಕೇಳಿಸಿಕೊಂಡು, ಅಚ್ಚಾದದ್ದನ್ನು ನೋಡಿ, "ಮುಂದೆ" ಅನ್ನುತ್ತಿದ್ದಳು. ಆಮೇಲೆ ಬೆರಳು ಕೆಳಗಿಳಿಯುತ್ತಿತ್ತು. ಮಲಯಾಳವೂ ಹಾಡಿಯ ಮಾತೂ ಎರಡೂ ಬಲ್ಲ ಸಾಕ್ಷಿ ನನಗೆ ಸಿಕ್ಕಿದ್ದು ಅದೇ ಮೊದಲು.

ನಡುವೆ ಒಂದು ಕಡೆ "ಕ್ಷೇತ್ರ ಸಿಬ್ಬಂದಿಯ ಲೋಪದಿಂದ" ಎಂದಿತ್ತು. ನಾನು ತಡವರಿಸಿದೆ. ಲೋಪಕ್ಕೆ ಆ ಮಾತಿನಲ್ಲಿ ಏನನ್ನಬೇಕೆಂದು ತಿಳಿಯಲಿಲ್ಲ.

"ಯಾರ ಏನು?" ಅಂದಳು ಬೊಳ್ಳಿ.

"ನಾನು, ಅವ್ವ. ನಾನು ಸುಳ್ಳು ಹೇಳಿದೆ ಅಂತ."

ಅಂಬಿಳಿ ಬೆರಳನ್ನು ಅಲ್ಲೇ ಇಟ್ಟಿದ್ದಳು. "ಹಾಗೆ ಬರೆದಿಲ್ಲ," ಅಂದಳು. "ಆದ್ರೂ ಸರಿ. ಮುಂದೆ."

ಕೊನೆಯ ಸಾಲು, ಅಧ್ಯಯನದಿಂದ ತೆಗೆದಿಟ್ಟ ಹಾಡಿಯ ಮಾದರಿಗಳನ್ನು ನಾಶ ಮಾಡಲು ಒಪ್ಪಿಗೆಯಿದೆಯೇ ಎಂಬುದು. ಕೆಳಗೆ ಮೂರು ಜಾಗ. ಓದಿ ಹೇಳಿದವರು; ನಾನು ಸಹಿ ಹಾಕಿದೆ. ಸಾಕ್ಷಿ, ಅಂಬಿಳಿ ಪೆನ್ನು ತೆಗೆದುಕೊಂಡು ತನ್ನ ಪೂರ್ತಿ ಹೆಸರನ್ನು ಬಿಡಿಸಿ ಬರೆದಳು. ಮೂರನೆಯದು ಹೆಬ್ಬೆಟ್ಟಿನದು. ನಾನು ಶಾಯಿಯ ಪ್ಯಾಡಿನ ಮುಚ್ಚಳ ತೆಗೆದೆ. ಬೊಳ್ಳಿ ತನ್ನ ಹೆಬ್ಬೆಟ್ಟನ್ನು ತಿರುಗಿಸಿ ನೋಡಿಕೊಂಡಳು.

"ಅದನ್ನ ಸುಟ್ಟರೆ ಏನಾಯ್ತದೆ? ಇಟ್ಟರೆ ಏನಾಯ್ತದೆ?" ಅಂದಳು. "ನೀ ಹೇಳು. ನಿಂಗೆ ಗೊತ್ತಲ್ಲ."

ನನಗೆ ಗೊತ್ತಿತ್ತು. ಎರಡೂ ಪಕ್ಷಕ್ಕೆ ವಾದ ಗೊತ್ತಿತ್ತು: ಸುಟ್ಟರೆ ಅದು ಇನ್ಯಾರ ಕೈಗೂ ಸಿಗುವುದಿಲ್ಲ, ಇಟ್ಟರೆ ಮುಂದೆ ಈ ರೋಗದ ಕೆಲಸಕ್ಕೆ ಬಂದೀತು. ಎರಡನ್ನೂ ಹೇಳಿದೆ, ಯಾವುದನ್ನೂ ಬಿಡದೆ, ಒಂದಕ್ಕೆ ಧ್ವನಿ ತಗ್ಗಿಸದೆ, ಇನ್ನೊಂದಕ್ಕೆ ಏರಿಸದೆ. ಹೇಳಿ ಸುಮ್ಮನಾದೆ. ಮಳೆ ಒಂದು ಸುತ್ತು ಬಂದು ಹೋಯಿತು.

"ನೋಡಾನ," ಅಂದಳು.

ಪ್ಯಾಡಿನ ಮುಚ್ಚಳ ಹಾಕಿದೆ. ಅವರ ಪ್ರತಿಯನ್ನು ಅಂಬಿಳಿ ಮಡಿಸಿ ತಗಡಿನ ಡಬ್ಬಿಗೆ ಹಾಕಿದಳು. ನನ್ನ ಪ್ರತಿ ಮೊನ್ನೆ ಸಮಿತಿಗೆ ಹೋಯಿತು, ಎರಡು ಸಹಿ ಮತ್ತು ಒಂದು ಖಾಲಿ ಜಾಗದೊಂದಿಗೆ. ಖಾಲಿ ಜಾಗದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದೆ: ಕೇಳಿದೆ, ಕೊಡಲಿಲ್ಲ.